ಬ್ಯಾಗ್ ಅಟ್ಟದಲ್ಲಿದ್ದ ಆರು ವಾರ

ಎರಡು ವರ್ಷ ಆಡಿದ ಮೇಲೆ ಒಂದು ಭಾನುವಾರ ನಾನು ಗಾಲ್ಫ್ ಬಿಟ್ಟೆ. ಆರು ವಾರ ಬ್ಯಾಗ್ ಮುಟ್ಟಲಿಲ್ಲ. ಆಮೇಲೆ ಮತ್ತೆ ಶುರು ಮಾಡಿದೆ, ಈಗಲೂ ಆಡುತ್ತಿದ್ದೇನೆ. ಮಧ್ಯೆ ಏನಾಯಿತು, ಏನು ಬದಲಾಯಿಸಿಕೊಂಡೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಸಂಕಟದಲ್ಲಿರುವ ಒಬ್ಬರಿಗಾದರೂ ಉಪಯೋಗಕ್ಕೆ ಬರಲಿ ಅಂತ.

ನಾನು ಮೈಸೂರಿನವನು. ಹದಿನೈದು ವರ್ಷ ಟೆನಿಸ್ ಬಾಲ್ ಕ್ರಿಕೆಟ್ ಆಡಿದವನು. ಗಾಲ್ಫ್ ಕಡೆ ತಿರುಗಿದ್ದು ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್ ಅವರಿಂದ. 2021ರ ಆಗಸ್ಟ್ 7, ಶನಿವಾರ. ಟೋಕಿಯೊ ಒಲಿಂಪಿಕ್ಸ್‌ನ ಕೊನೆಯ ಸುತ್ತು. ಗಾಲ್ಫಿನ ಗಂಧವೇ ಇಲ್ಲದ ನಮ್ಮ ಮನೆಯಲ್ಲೂ ಬೆಳಿಗ್ಗೆಯೇ ಟಿವಿ ಹಾಕಿದ್ದೆವು. ಬೆಂಗಳೂರಿನ ಹುಡುಗಿ, ಅವರ ಅಮ್ಮನೇ ಕ್ಯಾಡಿ (ಬ್ಯಾಗ್ ಹೊತ್ತು ಜೊತೆ ನಡೆಯುವವರು). ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿ ನಾಲ್ಕನೇ ಸ್ಥಾನ ಬಂತು. ಅವತ್ತು ನಾನು ನೋಡಿದ್ದು ಅಷ್ಟನ್ನೇ. ನಿಂತಿರುವ ಚೆಂಡು, ಎದುರಿಗೆ ಬೌಲರ್ ಇಲ್ಲ, ಬೇಕಾದಷ್ಟು ಸಮಯ ಇದೆ. ಬ್ಯಾಟ್ ಬೀಸಿ ಪಳಗಿದ ಕೈಗೆ ಇದು ಬೇಗ ಒಲಿಯುತ್ತದೆ ಅಂತ ನಂಬಿದ್ದೆ.

ಒಲಿಯಲಿಲ್ಲ. ಕ್ರಿಕೆಟ್‌ನಲ್ಲಿ ಚೆಂಡು ಬರುತ್ತದೆ, ಕೈ ತಾನೇ ಹೋಗುತ್ತದೆ, ಯೋಚನೆಗೆ ಎಡೆಯೇ ಇಲ್ಲ. ಇಲ್ಲಿ ಚೆಂಡು ಸುಮ್ನೆ ಕೂತಿರುತ್ತದೆ. ನೀವು ಯೋಚಿಸುವುದನ್ನು ಮುಗಿಸುವ ತನಕ ಅದು ಎಲ್ಲೂ ಹೋಗುವುದಿಲ್ಲ. ಒಂದು ಬೀಸಿಗೆ ಎರಡು ಸೆಕೆಂಡೂ ಬೇಡ. ನೂರು ಹೊಡೆತ ಅಂದರೂ ನಿಜವಾಗಿ ಹೊಡೆಯುವ ಹೊತ್ತು ಮೂರು ನಿಮಿಷದ ಆಸುಪಾಸು. ಆದರೆ 18 ಹೋಲ್, ಅಂದರೆ ಒಂದು ಪೂರ್ತಿ ಸುತ್ತು, ಮುಗಿಸಲು ನಾಲ್ಕು ಗಂಟೆ ಬೇಕು. ಉಳಿದ ಹೊತ್ತೆಲ್ಲ ನಡಿಗೆ. ಆ ನಡಿಗೆಯಲ್ಲಿ ನಿಮ್ಮ ಜೊತೆ ಇರುವುದು ನಿಮ್ಮ ತಲೆ ಮಾತ್ರ. ಗಾಲ್ಫ್ ಬಿಡಬೇಕು ಅನ್ನಿಸುವುದೆಲ್ಲ ಆ ನಡಿಗೆಯಲ್ಲೇ ಅಂತ ಅರ್ಥವಾಗಲು ನನಗೆ ಎರಡು ವರ್ಷ ಹಿಡಿಯಿತು.

ಆ ಭಾನುವಾರದ ವಿಷಯ ಹೇಳುತ್ತೇನೆ. ಉದ್ದದ ಹೋಲ್, ಪಾರ್ 5, ಅಂದರೆ ನುರಿತವರು ಐದು ಹೊಡೆತದಲ್ಲಿ ಮುಗಿಸುವಂಥದ್ದು. ಬಲಗಡೆ ಉದ್ದಕ್ಕೂ ಬೇಲಿ. ಡ್ರೈವರ್ (ಅತಿ ದೂರ ಹೊಡೆಯುವ ಉದ್ದನೆಯ ಕ್ಲಬ್, ಅಂದರೆ ಗಾಲ್ಫ್ ಕೋಲು) ಬೀಸಿದೆ, ಚೆಂಡು ನೇರ ಹೊರಟು ಬಲಕ್ಕೆ ತಿರುಗಿ ಬೇಲಿ ದಾಟಿತು. ಎಲ್ಲೆ ದಾಟಿದರೆ ಒಂದು ಹೊಡೆತ ದಂಡ ಕಟ್ಟಿ ಅದೇ ಜಾಗದಿಂದ ಮತ್ತೆ ಹೊಡೆಯಬೇಕು. ಹಾಗಾಗಿ ಮುಂದಿನದು ಮೂರನೇ ಹೊಡೆತ. ಅದೂ ದಾಟಿತು. ಐದನೆಯದು, ಅದೂ ಅಲ್ಲಿಗೇ. ಟೀ (ಹೋಲ್‌ನ ಮೊದಲ ಹೊಡೆತದ ಜಾಗ) ಬಿಟ್ಟು ಒಂದು ಹೆಜ್ಜೆ ಮುಂದೆ ಇಟ್ಟಿಲ್ಲ, ಆಗಲೇ ಏಳನೇ ಹೊಡೆತಕ್ಕೆ ನಿಂತಿದ್ದೆ. ಜೊತೆಗಿದ್ದ ಮೂವರೂ ಚಾಮುಂಡಿ ಬೆಟ್ಟದ ಕಡೆ ಮುಖ ಮಾಡಿ ನಿಂತಿದ್ದರು. ನನಗೆ ಮುಜುಗರ ಆಗಬಾರದು ಅಂತಲೇ ಹಾಗೆ ನಿಂತಿದ್ದು, ಅದು ನನಗೂ ಗೊತ್ತು. ಆದರೂ ಅದೇ ಜಾಸ್ತಿ ಚುಚ್ಚಿತು. "ನೀವು ಮುಗಿಸಿ ಬನ್ನಿ" ಅಂತ ಹೇಳಿ ನಡೆದುಬಿಟ್ಟೆ. ಮಧ್ಯಾಹ್ನ ಊಟಕ್ಕೆ ಮುಂಚೆಯೇ ಬ್ಯಾಗ್ ಅಟ್ಟ ಸೇರಿತು.

ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಅಮ್ಮ ಮೊದಲಿಂದಲೂ ಹೇಳುತ್ತಿದ್ದರು, "ದುಡ್ಡು ಕೊಟ್ಟು ಸಿಟ್ಟು ಕೊಂಡ್ಕೊಂಡು ಬರ್ತೀಯಲ್ಲೋ" ಅಂತ. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಭಾನುವಾರ ಆಡಿ ಬಂದರೆ ಸಂಜೆಯ ತನಕ ಯಾರ ಜೊತೆಯೂ ಸರಿಯಾಗಿ ಮಾತಾಡುತ್ತಿರಲಿಲ್ಲ ನಾನು. ಹೆಂಡತಿ ಮಾತ್ರ ಎರಡನೇ ವಾರ ಒಂದು ಮಾತು ಕೇಳಿದಳು: "ಬಿಟ್ಟಿದ್ದೀನಿ ಅಂತೀರ, ಆದ್ರೆ ದಿನಾ ರಾತ್ರಿ ಅದೇ ಹೋಲ್ ಬಗ್ಗೆ ಹೇಳ್ತೀರಲ್ಲ, ಯಾಕ್ರೀ?"

ಉತ್ತರ ಇರಲಿಲ್ಲ. ಆಟ ಬೇಡವಾಗಿದ್ದರೆ ಮರೆತಿರುತ್ತಿದ್ದೆ, ಅಲ್ವಾ? ಅವತ್ತು ಒಂದು ಹಾಳೆಯಲ್ಲಿ ಬರೆದೆ: ಗಾಲ್ಫ್‌ನಲ್ಲಿ ನನಗೆ ಏನು ಬೇಡ? ಬೆಳಿಗ್ಗೆ ಆರೂವರೆಗೆ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ನಡೆಯುವುದು ಬೇಕು. ಜೊತೆಗಾರರು ಬೇಕು. ಚೆಂಡು ಐರನ್ (ಚಪ್ಪಟೆ ಲೋಹದ ತಲೆಯ ಕ್ಲಬ್) ಮುಖದ ಸರಿಯಾದ ಜಾಗಕ್ಕೆ ತಾಗಿದಾಗ ಕೈಗೆ ಏನೂ ಗೊತ್ತೇ ಆಗುವುದಿಲ್ಲವಲ್ಲ, ಆ ಕ್ಷಣ ಅಂತೂ ಬೇಕೇ ಬೇಕು. ಬೇಡದ್ದು ಎರಡೇ ಬಂತು. ಡ್ರೈವರ್ ಹಿಡಿದಾಗಿನ ಹೆದರಿಕೆ, ಮತ್ತು ಕೆಟ್ಟ ಹೊಡೆತದ ನಂತರದ ನಡಿಗೆ. ಬಿಡಬೇಕಾದದ್ದು ಆ ಎರಡನ್ನು ಮಾತ್ರ.

ಆ ವಾರಗಳಲ್ಲೇ ಅಮೆರಿಕದ ಗಾಲ್ಫ್ ಆಟಗಾರ ಬಾಬಿ ಜೋನ್ಸ್ ಬಗ್ಗೆ ಓದಿದೆ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿ ಬ್ರಿಟಿಷ್ ಓಪನ್ ಆಡುವಾಗ ಅವರಿಗೆ 19 ವರ್ಷ. ಮೂರನೇ ಸುತ್ತಿನ ಮೊದಲ ಒಂಬತ್ತು ಹೋಲ್‌ಗೆ 46 ಹೊಡೆತ. 11ನೇ ಹೋಲ್‌ನಲ್ಲಿ ಚೆಂಡು ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಬಿತ್ತು. ಅಲ್ಲಿಗೆ ಸಾಕು ಅಂತ ಆ ಹೋಲ್ ಮುಗಿಸದೆ ಸ್ಪರ್ಧೆಯಿಂದಲೇ ಹೊರಬಂದರು. ಅದೇ ಮನುಷ್ಯ 1927ರಲ್ಲಿ ಅದೇ ಸೇಂಟ್ ಆಂಡ್ರೂಸ್‌ನಲ್ಲಿ ಓಪನ್ ಗೆದ್ದರು. 1930ರಲ್ಲಿ ಆ ಕಾಲದ ನಾಲ್ಕೂ ದೊಡ್ಡ ಪಟ್ಟಗಳನ್ನು ಒಂದೇ ವರ್ಷ ಗೆದ್ದರು. ಅಷ್ಟು ದೊಡ್ಡ ಆಟಗಾರನಿಗೂ ಹೀಗಾಗಿತ್ತು ಅಂತ ಓದಿದಾಗ ಎದೆಯ ಮೇಲಿನ ಭಾರ ಸ್ವಲ್ಪ ಇಳಿಯಿತು. ನಡೆದು ಬಂದಿದ್ದಕ್ಕೆ ನನ್ನ ಮೇಲೆ ನನಗೇ ಇದ್ದ ಬೇಜಾರು ಆಟದ ಬೇಜಾರಿಗಿಂತ ದೊಡ್ಡದಿತ್ತು.

ಏಳನೇ ವಾರ ವಾಪಸ್ ಹೋದೆ. ಭಾನುವಾರ ಅಲ್ಲ, ಬುಧವಾರ ಸಂಜೆ, ಒಬ್ಬನೇ, ಒಂಬತ್ತು ಹೋಲ್ ಮಾತ್ರ. ಡ್ರೈವರ್ ಅಟ್ಟದಲ್ಲೇ ಉಳಿಯಿತು. ಅವತ್ತು ಜೊತೆಗೆ ಬಂದ ಕ್ಯಾಡಿ ಇಪ್ಪತ್ತು ವರ್ಷದಿಂದ ಅಲ್ಲೇ ಇರುವವರು. ಮೂರನೇ ಹೋಲ್‌ನಲ್ಲಿ ನಾನು ಒಂದು ಚೆಂಡನ್ನು ಮಣ್ಣಿನ ಸಮೇತ ಅಗೆದೆ. ಚೆಂಡು ಮೂವತ್ತು ಗಜ ಹೋಯಿತು. ಮುಂದಿನ ಹೊಡೆತವನ್ನೂ ಕೆಡಿಸಿದೆ. ಅವರು ಬ್ಯಾಗ್ ಕೆಳಗಿಟ್ಟು ಹೇಳಿದರು:

"ಸಾರ್, ಬೇಜಾರು ಮಾಡ್ಕೋಬೇಡಿ. ನೀವು ಚೆಂಡು ಕೆಡಿಸಿದ್ದು ಒಂದು ಸಲ. ಆಮೇಲೆ ಇಲ್ಲೀವರೆಗೂ ನಡ್ಕೊಂಡು ಬರ್ತಾ ಮನಸ್ಸಲ್ಲಿ ಹತ್ತು ಸಲ ಕೆಡಿಸಿದ್ರಿ. ನಿಮ್ಮ ಕೈ ನೋಡ್ಕೊಳ್ಳಿ."

ನೋಡಿಕೊಂಡೆ. ಬೆರಳಿನ ಗೆಣ್ಣು ಬೆಳ್ಳಗಾಗಿತ್ತು. ಚೆಂಡಿನ ಹತ್ತಿರ ಇನ್ನೂ ಬಂದಿಲ್ಲ, ಕ್ಲಬ್ಬನ್ನು ಅಷ್ಟು ಬಿಗಿಯಾಗಿ ಹಿಡಿದಿದ್ದೆ.

ಅವರು ಬ್ಯಾಗಿಗೆ ಕಟ್ಟಿದ್ದ ಒದ್ದೆ ಟವೆಲ್ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಇದು ನನ್ನ ಕೆಲಸ ಸಾರ್, ಆದ್ರೆ ಇವತ್ತಿಂದ ನೀವೇ ಒರೆಸಿ. ಮಣ್ಣು ಹೋಗೋ ತನಕ ಏನು ಬೇಕಾದ್ರೂ ಬೈಕೊಳ್ಳಿ. ಕ್ಲಬ್ ಬ್ಯಾಗ್ ಒಳಗೆ ಹೋದ್ಮೇಲೆ ಬೇಡ."

ಇದನ್ನು ನಾನು ಇವತ್ತಿಗೂ ಮಾಡುತ್ತೇನೆ. ಐರನ್ ಮುಖದ ಮೇಲೆ ಸಣ್ಣ ಗೆರೆಗಳಿರುತ್ತವೆ, ಮಣ್ಣು ಹುಲ್ಲು ಅದರೊಳಗೆ ಸೇರಿಕೊಂಡಿರುತ್ತದೆ. ಟವೆಲ್ ತುದಿಯನ್ನು ಉಗುರಿಗೆ ಸುತ್ತಿಕೊಂಡು ಒಂದೊಂದೇ ಗೆರೆ ಬಿಡಿಸಬೇಕು. ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ಹಿಡಿತ ತಾನಾಗಿ ಸಡಿಲ ಆಗುತ್ತದೆ, ಯಾಕಂದ್ರೆ ಮುಷ್ಟಿ ಬಿಗಿಹಿಡಿದು ಗೆರೆ ಒರೆಸಲು ಆಗುವುದೇ ಇಲ್ಲ. ಸಿಟ್ಟು ಹೋಗುತ್ತದೆ ಅಂತ ಹೇಳಲಾರೆ. ಆದರೆ ಅದಕ್ಕೊಂದು ಜಾಗ, ಒಂದು ಹೊತ್ತು ಅಂತ ಆಗುತ್ತದೆ. (2009ರಲ್ಲಿ ಇಂಡಿಯನ್ ಓಪನ್ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿದ್ದವರು. ಕ್ಯಾಡಿಗಳ ಮಾತನ್ನು ನಾವು ಇನ್ನೂ ಸ್ವಲ್ಪ ಜಾಸ್ತಿ ಕೇಳಬೇಕು ಅಂತ ನನಗೆ ಮನಸಾರೆ ಅನ್ನಿಸುತ್ತದೆ.)

ಬಿಗಿ ಹಿಡಿತದ ವಿಷಯ ಬರೀ ಮನಸ್ಸಿನದ್ದಲ್ಲ. ಚೆಂಡು ಯಾವ ಕಡೆ ಹೊರಡುತ್ತದೆ ಅನ್ನುವುದನ್ನು ಹೆಚ್ಚಾಗಿ ತೀರ್ಮಾನಿಸುವುದು ಕ್ಲಬ್ಬಿನ ಮುಖ ನೋಡುತ್ತಿರುವ ದಿಕ್ಕು. ಬೀಸಿನ ದಾರಿಗೂ ಆ ಮುಖಕ್ಕೂ ಇರುವ ವ್ಯತ್ಯಾಸದಿಂದ ಚೆಂಡು ತಿರುಗುತ್ತದೆ. ನನ್ನಂಥ ಕ್ರಿಕೆಟ್ ಕೈಗಳು ಹೊರಗಿನಿಂದ ಒಳಕ್ಕೆ ಎಳೆದು ಹೊಡೆಯುತ್ತವೆ. ಕೈ ಬಿಗಿಯಾದಷ್ಟೂ ಮಣಿಕಟ್ಟು ತಿರುಗುವುದಿಲ್ಲ, ಮುಖ ತೆರೆದೇ ಉಳಿಯುತ್ತದೆ, ಬಲಗೈ ಆಟಗಾರನ ಚೆಂಡು ಬಲಕ್ಕೆ ಹೋಗುತ್ತದೆ. ಹೀಗೆ ಬಲಕ್ಕೆ ತಿರುಗುವುದೇ ಸ್ಲೈಸ್. ಸ್ಲೈಸ್ ಆಯಿತು ಅಂತ ಸಿಟ್ಟು, ಸಿಟ್ಟಿಗೆ ಇನ್ನೂ ಬಿಗಿ, ಬಿಗಿಗೆ ಇನ್ನೂ ದೊಡ್ಡ ಸ್ಲೈಸ್. ಆ ಭಾನುವಾರ ಮೂರು ಚೆಂಡೂ ಒಂದೇ ಕಡೆ ಹೋದದ್ದು ಹಣೆಬರಹದಿಂದಲ್ಲ, ಇದರಿಂದ.

ಎರಡನೇ ಬದಲಾವಣೆ ಲೆಕ್ಕದ್ದು. ಕಾರ್ಡಿನಲ್ಲಿ ಪಾರ್ 4 ಅಂತ ಬರೆದಿರುತ್ತದೆ, ನಾವು ಅದನ್ನೇ ನಮಗೆ ಹಾಕಿದ ಗುರಿ ಅಂದುಕೊಳ್ಳುತ್ತೇವೆ. ನಾನು ಆಗ 108ರ ಸುತ್ತಮುತ್ತ ಆಡುತ್ತಿದ್ದೆ. ಅಂದರೆ ಹೋಲ್‌ಗೆ ಸರಾಸರಿ 6. ಪ್ರತಿ ಹೋಲ್‌ನಲ್ಲೂ ನಾನು ಸೋಲುತ್ತಿದ್ದದ್ದು ನನ್ನದಲ್ಲದ ಒಂದು ಸಂಖ್ಯೆಗೆ. 2020ರಿಂದ ಬಂದಿರುವ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ 54ರ ತನಕ ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟಕ್ಕೆ ತಕ್ಕಂತೆ ಕೊಡುವ ಹೆಚ್ಚುವರಿ ಹೊಡೆತ) ಇರಬಹುದು, ಅಂದರೆ ಹೋಲ್‌ಗೆ ಮೂರು ಹೊಡೆತ ಜಾಸ್ತಿ. ಹ್ಯಾಂಡಿಕ್ಯಾಪ್ ಲೆಕ್ಕಕ್ಕೆ ಒಂದು ಹೋಲ್‌ನ ಅಂಕಕ್ಕೂ ಮಿತಿ ಇದೆ: ಪಾರ್, ಅದರ ಮೇಲೆ ಎರಡು, ಜೊತೆಗೆ ಆ ಹೋಲ್‌ಗೆ ನಿಮಗೆ ಸಿಗುವ ಹೊಡೆತ. ಎರಡು ಹೊಡೆತ ಸಿಗುವವನಿಗೆ ಪಾರ್ 5ರಲ್ಲಿ ಅದು 9. ನಾನು 9 ಹೊಡೆದರೂ 14 ಹೊಡೆದರೂ ಅಲ್ಲಿ 9ಕ್ಕೇ ನಿಲ್ಲುತ್ತದೆ. ಇದು ಮೊದಲೇ ಗೊತ್ತಿದ್ದರೆ ಆ ದಿನ ಚೆಂಡು ಎತ್ತಿಕೊಂಡು ನಗುತ್ತಾ ಮುಂದಿನ ಹೋಲ್‌ಗೆ ಹೋಗುತ್ತಿದ್ದೆ. ಗೆಳೆಯರ ಆಟದಲ್ಲಿ ಈಗ ಹಾಗೇ ಮಾಡುತ್ತೇನೆ. ಸ್ಪರ್ಧೆಯಲ್ಲಿ ಪ್ರತಿ ಹೊಡೆತವೂ ಎಣಿಕೆಯಾಗುವ ಆಟ ಇದ್ದರೆ ಹಾಗೆ ಎತ್ತುವಂತಿಲ್ಲ, ಅದು ನೆನಪಿರಲಿ.

ಇನ್ನೊಂದು. ವೃತ್ತಿಪರರೂ ಎಂಟು ಅಡಿಯ ಪಟ್‌ಗಳಲ್ಲಿ (ಚೆಂಡನ್ನು ಕುಳಿಗೆ ಉರುಳಿಸುವ ಮೆಲ್ಲನೆಯ ಹೊಡೆತಗಳಲ್ಲಿ) ಸುಮಾರು ಅರ್ಧದಷ್ಟನ್ನು ತಪ್ಪಿಸುತ್ತಾರೆ. ನಾನು ಎಂಟಡಿ ತಪ್ಪಿದಾಗಲೆಲ್ಲ ತಲೆ ಚಚ್ಚಿಕೊಳ್ಳುತ್ತಿದ್ದೆ. ಯಾವುದಕ್ಕೆ ಬೇಜಾರಾಗಬೇಕು ಅನ್ನುವುದೇ ಗೊತ್ತಿಲ್ಲದೆ ಎಲ್ಲದಕ್ಕೂ ಬೇಜಾರಾಗುತ್ತಿದ್ದೆ.

ಟೋಕಿಯೊದ ಆಟವನ್ನು ಆಮೇಲೆ ಇನ್ನೊಮ್ಮೆ ನೋಡಿದೆ. ಈ ಸಲ ಕಣ್ಣಿಗೆ ಬಿದ್ದದ್ದೇ ಬೇರೆ. ದೂರ ಹೊಡೆಯುವುದರಲ್ಲಿ ಅದಿತಿ ಹಿಂದಿನ ಸಾಲಿನಲ್ಲಿದ್ದರು. ಬೇರೆಯವರು ಚಿಕ್ಕ ಐರನ್ ಹಿಡಿಯುವ ಕಡೆ ಇವರು ಉದ್ದದ ಕ್ಲಬ್ ಹಿಡಿಯುತ್ತಿದ್ದರು. ಅವರನ್ನು ಪದಕದ ಹತ್ತಿರ ಇಟ್ಟಿದ್ದು ಪಟಿಂಗ್. ನಾನೋ ಎರಡು ವರ್ಷ ಅಭ್ಯಾಸದ ರೇಂಜಿನಲ್ಲಿ ಡ್ರೈವರ್ ಒಂದನ್ನೇ ಬೀಸಿದ್ದೆ.

ಅವತ್ತಿನಿಂದ ರಾತ್ರಿ ಊಟ ಆದ ಮೇಲೆ ಹಾಲ್‌ನಲ್ಲಿ ಕಾರ್ಪೆಟ್ ಮೇಲೆ ಹದಿನೈದು ನಿಮಿಷ ಪಟಿಂಗ್. ಸ್ಟೀಲ್ ಲೋಟ ಅಡ್ಡ ಮಲಗಿಸಿ ಮೂರಡಿ ದೂರದಿಂದ. ನಿಜವಾದ ಹೋಲ್‌ನ ಕುಳಿಯ ಅಗಲ 108 ಮಿಲಿಮೀಟರ್, ಲೋಟದ ಬಾಯಿ ಅದಕ್ಕಿಂತ ಚಿಕ್ಕದು. ಚೆಂಡು ಒಳಗೆ ಹೋದರೆ ಟಣ್ ಅಂತ ಸದ್ದು. ಸತತ ಹತ್ತು ಆಗುವ ತನಕ ಮಲಗುವುದಿಲ್ಲ ಅಂತ ಇಟ್ಟುಕೊಂಡೆ. ಮೊದಲ ವಾರ ರಾತ್ರಿ ಹನ್ನೊಂದು ದಾಟುತ್ತಿತ್ತು. ಅಮ್ಮ ರೂಮಿನಿಂದಲೇ ಸದ್ದು ಎಣಿಸುತ್ತಿದ್ದರು. "ಎಂಟಾಯ್ತು ನೋಡೋ, ಅವಸರ ಮಾಡ್ಬೇಡ" ಅಂತ ಒಳಗಿಂದ ಕೂಗುತ್ತಿದ್ದರು.

ಟೀ ಮೇಲೆ ಮೂರು ತಿಂಗಳು ಸೆವೆನ್ ಐರನ್ ಹಿಡಿದೆ. ನನ್ನ ಸೆವೆನ್ ಐರನ್ 130 ಗಜ ಹೋಗುತ್ತದೆ. 380 ಗಜದ ಹೋಲ್ ಅಂದರೆ ಮೂರು ಹೊಡೆತಕ್ಕೆ ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಹತ್ತಿರ, ಎರಡು ಪಟ್, ಐದು. ಬೋಗಿ, ಅಂದರೆ ಪಾರ್‌ಗಿಂತ ಒಂದು ಜಾಸ್ತಿ. ಡ್ರೈವರ್ ಹಿಡಿದು ನಾನು ಅಲ್ಲಿ ಏಳಕ್ಕಿಂತ ಕಡಿಮೆ ಮಾಡಿದ್ದು ಅಪರೂಪ. ಜೊತೆಗಾರರು ನಲವತ್ತು ಗಜ ಮುಂದಿದ್ದರೆ ಮೊದಮೊದಲು ಕಷ್ಟ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಅವರಿಗೆ ನೇರವಾಗಿ ಕೇಳಿಕೊಂಡೆ, ಆಟದ ಮಧ್ಯೆ ನನಗೆ ಸಲಹೆ ಕೊಡಬೇಡಿ, ಕಾಫಿ ಕುಡಿಯುವಾಗ ಹೇಳಿ ಅಂತ. ಒಳ್ಳೆಯವರು, ಅರ್ಥ ಮಾಡಿಕೊಂಡರು. ಯೂಟ್ಯೂಬ್ ಕೂಡ ನಿಲ್ಲಿಸಿದೆ. ಒಂದು ತಿಂಗಳಿಗೆ ಒಂದೇ ವಿಷಯ, ಮೊದಲ ತಿಂಗಳು ಸಡಿಲ ಹಿಡಿತ ಮಾತ್ರ.

ಒಂದು ಚಿಕ್ಕ ಪುಸ್ತಕ ಇಟ್ಟುಕೊಂಡೆ. ಒಟ್ಟು ಅಂಕ ಬರೆಯುವುದಿಲ್ಲ. ಎಷ್ಟು ಚೆಂಡು ಬೇಲಿ ದಾಟಿತು, ಎಷ್ಟು ಕಡೆ ಮೂರು ಪಟ್ ಆಯಿತು, ಯಾವ ಹೋಲ್‌ನಲ್ಲಿ ಸಿಟ್ಟು ಬಂತು, ಇಷ್ಟೇ. ಎರಡು ತಿಂಗಳ ಪುಟ ಒಟ್ಟಿಗೆ ನೋಡಿದಾಗ ಆಶ್ಚರ್ಯ ಆಯಿತು. ಸಿಟ್ಟು ಹೆಚ್ಚಾಗಿ ಬಂದದ್ದು 13ನೇ ಹೋಲ್‌ನಿಂದ ಆಚೆ. ಬೆಳಿಗ್ಗೆ ಒಂದು ಲೋಟ ಕಾಫಿ ಕುಡಿದು ಹೊರಟವನು ಏಳೆಂಟು ಕಿಲೋಮೀಟರ್ ನಡೆಯುತ್ತಿದ್ದೆ, ಹೊಟ್ಟೆಗೆ ಏನೂ ಇಲ್ಲದೆ. ಈಗ ಆರನೇ ಹೋಲ್ ಮುಗಿದ ಮೇಲೆ ಒಂದು ಬಾಳೆಹಣ್ಣು, ಹನ್ನೆರಡು ಮುಗಿದ ಮೇಲೆ ಕಡಲೆಕಾಯಿ ಚಿಕ್ಕಿ, ಮಧ್ಯೆ ಮಧ್ಯೆ ನೀರು. ನನ್ನ ನಿರಾಸೆಯಲ್ಲಿ ಒಂದು ದೊಡ್ಡ ಪಾಲು ಬರೀ ಹಸಿವು ಅಂತ ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಬಿಡಬೇಕು ಅನ್ನುವ ಯೋಚನೆ ಈಗಲೂ ಬರುತ್ತದೆ. ಹೋದ ಮಳೆಗಾಲದಲ್ಲೂ ಬಂತು. ಅದಕ್ಕೆ ಒಂದು ನಿಯಮ ಮಾಡಿಕೊಂಡಿದ್ದೇನೆ: ಆ ತೀರ್ಮಾನ ಮೈದಾನದಲ್ಲಿ ಇಲ್ಲ, ಆಡಿದ ದಿನವೂ ಇಲ್ಲ. ಬುಧವಾರದ ತನಕ ಕಾಯುತ್ತೇನೆ. ಬುಧವಾರವೂ ಹಾಗೇ ಅನ್ನಿಸಿದರೆ ಒಂದು ವಾರ ರಜೆ, ಅದಕ್ಕೆ ನಾಚಿಕೆ ಇಲ್ಲ. ಸೊಂಟ ನೋವು ಇದ್ದರೆ ಎರಡು ವಾರ. ಬೇರೆಯವರು ಯೋಚಿಸಿ ಪೂರ್ತಿ ಬಿಟ್ಟರೆ ಅದರಲ್ಲೂ ತಪ್ಪಿಲ್ಲ ಅಂತಲೇ ನನ್ನ ಅಭಿಪ್ರಾಯ. ಇದು ಆಟ, ಸಾಲ ಅಲ್ಲ.

ಹೋದ ತಿಂಗಳು ಅದೇ ಪಾರ್ 5. ಡ್ರೈವರ್ ಈಗ ಬ್ಯಾಗಿನಲ್ಲಿದೆ, ಆದರೆ ಆ ಟೀ ಮೇಲೆ ನಾನು ಅದನ್ನು ತೆಗೆಯುವುದಿಲ್ಲ. ಸೆವೆನ್ ಐರನ್, ಸೆವೆನ್ ಐರನ್, ಮೂರನೆಯದು ಬಲಕ್ಕೆ ಹೊರಳಿ ಬೇಲಿಯ ಬುಡದಲ್ಲಿ ನಿಂತಿತು, ಒಳಗಡೆಯೇ. ಟವೆಲ್ ತೆಗೆದುಕೊಂಡು ಗೆರೆ ಒರೆಸುತ್ತಾ ನಡೆದೆ. ಕ್ಯಾಡಿ ಮುಂದೆ ಹೋಗಿ ಚೆಂಡಿನ ಪಕ್ಕ ನಿಂತು, ಜಾಗ ಇದೆ ಅಂತ ಕೈ ಎತ್ತಿ ತೋರಿಸಿದರು. ಅಲ್ಲಿಂದ ಹೊರಗೆ ತಂದು, ಗ್ರೀನಿಗೆ ಏರಿಸಿ, ಎರಡು ಪಟ್‌ನಲ್ಲಿ ಮುಗಿಸಿದೆ. ಏಳು. ಪುಸ್ತಕದಲ್ಲಿ ಬೇಲಿಯ ಸಾಲಿಗೆ ಸೊನ್ನೆ ಬರೆದು ಮುಂದಿನ ಟೀ ಕಡೆ ಹೊರಟೆ.