ಗೇಜ್ ಪಟ್ಟಿಯ ಫೋಟೊ ಹಾಕಲು ಶುರು ಮಾಡಿದ ಮೇಲೆ

ರಾಯಚೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಪ್ರೆಸ್ ನೋಟ್ ಬರೆಯೋದು ನನ್ನ ಕೆಲಸ. ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಸುದ್ದಿಯೇ ಜಾಸ್ತಿ. ಕಾಲುವೆ ಅಂದರೆ ಸುಮಾರು 227 ಕಿಲೋಮೀಟರ್. ಡ್ಯಾಮಿನ ಹತ್ತಿರ ಮುನಿರಾಬಾದ್‌ನಲ್ಲಿ ಬಿಟ್ಟ ನೀರು ಮಾನ್ವಿ, ಸಿರವಾರದ ಕೊನೆ ಭಾಗಕ್ಕೆ ಮುಟ್ಟುವಷ್ಟರಲ್ಲಿ ಏನೇನಾಗುತ್ತೆ ಅನ್ನೋದು ನಿಮಗೇ ಗೊತ್ತು.

ಮೊದಲು ನಾನೂ ಎಲ್ಲರ ಹಾಗೆ ಬರೀತಿದ್ದೆ. ಮಾನ್ಯರ ಹೆಸರುಗಳಿಗೇ ನಾಲ್ಕು ಸಾಲು, ಕೊನೆಗೆ ‘ರೈತರು ಸಹಕರಿಸಬೇಕು’. ಕಟಿಂಗ್ ಫೈಲು ದಪ್ಪಗಾಗುತ್ತಿತ್ತು, ಸಾಹೇಬ್ರು ಖುಷಿ. ಮಧ್ಯಾಹ್ನ ಫೋನು ಬರುತ್ತಿತ್ತು: “ಏನ್ರೀ ಸರ, ನೀರು ಬಿಟ್ಟೀವಿ ಅಂತ ಪೇಪರ್‌ನ್ಯಾಗ ಬರೀತೀರಿ, ನಮ್ಮ ತೂಬಿನ್ಯಾಗ ಕಪ್ಪಿ ಸತ್ತು ಬಿದ್ದಾವ.” ಸೀಸನ್‌ನಲ್ಲಿ ದಿನಕ್ಕೆ ಅರವತ್ತು, ಎಪ್ಪತ್ತು ಇಂಥ ಫೋನು.

ಇಮೇಜ್ ಸರಿ ಮಾಡೋಣ ಅಂತ ಡ್ರೋನ್ ವಿಡಿಯೊ ಮಾಡಿಸಿದೆವು. ಇಪ್ಪತ್ತೆರಡು ಸಾವಿರ ಹೋಯಿತು. ತುಂಬಿದ ಕಾಲುವೆ, ಹಿಂದೆ ಹಾಡು. ಕೆಳಗೆ ಮೊದಲ ಕಾಮೆಂಟೇ “ಹಾಡು ಚಲೋ ಐತಿ, ನೀರು ಎಲ್ಲೈತಿ?” ಆಮೇಲೆ ಮೈಕ್ ಕಟ್ಟಿದ ಆಟೊ. ದಿನಕ್ಕೆ ಸಾವಿರದ ಎಂಟುನೂರು, ಹತ್ತು ದಿನ ಓಡಿತು. ಹೊಲದಲ್ಲಿದ್ದವನಿಗೆ ಕೇಳಿಸಲಿಲ್ಲ, ಊರಲ್ಲಿದ್ದವನಿಗೆ ಬೇಕಿರಲಿಲ್ಲ.

ಆಗ ಹೊಳೆದದ್ದು ಇದು. ನಾವು ಕ್ಯುಸೆಕ್ (ಸೆಕೆಂಡಿಗೆ ಎಷ್ಟು ಘನ ಅಡಿ ನೀರು) ಅಂತೀವಿ, ರೈತರು ಅಡಿ ಅಂತಾರೆ. ಕಟ್ಟೆ ಮೇಲೆ ಕೂತವರ ಮಾತೆಲ್ಲ ‘69 ಮೈಲಿಗೆ ಎಷ್ಟೈತಿ, 104 ಮೈಲಿಗೆ ಎಷ್ಟೈತಿ’. ಹಾಗಾದರೆ ಕಾಲುವೆಯ ಆ ಮೈಲಿಗಳಲ್ಲಿರುವ, ನೀರಿನ ಆಳ ಅಡಿಯಲ್ಲಿ ತೋರಿಸುವ ಗೇಜ್ ಪಟ್ಟಿಯ ಫೋಟೊನೇ ದಿನಾ ಬೆಳಿಗ್ಗೆ ಏಳೂವರೆಗೆ ರೈತರ ಮೊಬೈಲ್ ಗುಂಪಿಗೆ ಹಾಕೋಣ. ನಿನ್ನೆ ಎಷ್ಟು, ಇವತ್ತು ಎಷ್ಟು, ಕಡಿಮೆ ಇದ್ದರೆ ಯಾಕೆ. ಮೂರೇ ಸಾಲು, ಯಾರ ಹೆಸರೂ ಬೇಡ.

ಮೀಟಿಂಗ್‌ನಲ್ಲಿ ನಕ್ಕರು. “ಗೇಜ್ ಕಡಿಮೆ ಆಗಿದ್ದನ್ನ ನಾವೇ ತೋರಿಸಿದರೆ ನಾಳೆ ಕಚೇರಿ ಗೇಟಿಗೆ ಬೀಗ ಜಡೀತಾರೆ” ಅಂದರು ಹಿರಿಯರೊಬ್ಬರು. ಸಾಹೇಬ್ರ ಸಹಿ ಹೇಗೆ ತಗೊಂಡೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಸಿಕ್ಕಾಗ ಚಹಾ ಕುಡಿಸಿ, ಹೇಳ್ತೀನಿ.

ಖರ್ಚು ಅಂದರೆ ಕಾಲುವೆ ನೀರು ನೋಡಿಕೊಳ್ಳುವ ಒಂಬತ್ತು ಜನ ನೀರುಗಂಟಿಗಳ ಮೊಬೈಲ್ ರೀಚಾರ್ಜ್, ತಿಂಗಳಿಗೆ ಮೂರು ಸಾವಿರದ ಒಳಗೆ. ಪಟ್ಟಿಗಳ ಅಂಕಿ ಅಳಿಸಿಹೋಗಿದ್ದವು, ಬಣ್ಣಕ್ಕೆ ಒಂದು ಸಾವಿರ ಚಿಲ್ಲರೆ. ಇದಕ್ಕೆ ಯಾವ ಲೆಕ್ಕದಲ್ಲೂ ದುಡ್ಡಿಲ್ಲ, ಮೊದಲ ಎರಡು ತಿಂಗಳು ನನ್ನ ಜೇಬೇ. ಡ್ರೋನ್‌ಗೆ ಮಾತ್ರ ಬಿಲ್ ಪಾಸಾಗಿತ್ತು, ನೋಡ್ರಿ.

ಮೂರನೇ ವಾರ ಮಾನ ಹೋಯಿತು. ಒಬ್ಬ ನೀರುಗಂಟಿ ಮೂರು ದಿನ ಒಂದೇ ಫೋಟೊ ಕಳಿಸಿದ್ದ, ನಾನು ನೋಡದೆ ಹಾಕಿದ್ದೆ. ಪಟ್ಟಿಗೆ ಸಿಕ್ಕಿಕೊಂಡ ನೀಲಿ ಪ್ಲಾಸ್ಟಿಕ್ ಚೀಲ ಮೂರೂ ದಿನ ಅಲ್ಲೇ ಇದೆ ಅಂತ ಒಬ್ಬ ರೈತ ಹಿಡಿದುಹಾಕಿದ. ಸ್ಪಷ್ಟೀಕರಣ ಕೊಡೋಣ ಅಂದರು. ಬೇಡ ಅಂದೆ. ‘ತಪ್ಪಾಗಿದೆ, ಇವತ್ತಿನ ಫೋಟೊ ಇದು’ ಅಂತ ಒಂದೇ ಸಾಲು ಹಾಕಿದೆ. ಅವತ್ತು ಬೈಗುಳ ತಿಂದಷ್ಟು ಯಾವತ್ತೂ ತಿಂದಿಲ್ಲ. ಆದರೆ ಗುಂಪಿಗೆ ಸೇರುವವರು ಆ ವಾರವೇ ಜಾಸ್ತಿ ಆದರು. ಫೋಟೊ ಹೊಸದೇ ಅಂತ ಗೊತ್ತುಮಾಡಲು ಈಗ ಒಂದು ಉಪಾಯ ಇಟ್ಟಿದ್ದೀನಿ. ಹೇಳಿದರೆ ನಮ್ಮ ಹುಡುಗರು ಅದಕ್ಕೂ ದಾರಿ ಹುಡುಕ್ತಾರೆ.

ನಡುವೆ ಇನ್ನೊಂದು ಪ್ರಯೋಗ. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪ್‌ಗಳಿಗೆ ತೆಲುಗಿನಲ್ಲಿ, ತಾಂಡಾಗಳಿಗೆ ಲಂಬಾಣಿಯಲ್ಲಿ ವಾಯ್ಸ್ ಮೆಸೇಜ್ ಕಳಿಸಿದೆ. ತೆಲುಗಿನದು ಓಡಿತು. ಲಂಬಾಣಿಯದು ಓಡಲಿಲ್ಲ. ಸುಗ್ಗಿ ಮುಗಿದ ಮೇಲೆ ಕಳಿಸಿದೆ, ಅರ್ಧ ತಾಂಡಾ ದುಡಿಯೋಕೆ ಊರು ಬಿಟ್ಟಿತ್ತು. ಅದು ನನ್ನ ದಡ್ಡತನ.

ನಿಜವಾದ ಪರೀಕ್ಷೆ 2024ರ ಆಗಸ್ಟ್ 10ರ ರಾತ್ರಿ. ಚೈನ್ ತುಂಡಾಗಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತು. ಬೆಳಗಾಗುವ ಮುಂಚೆ ‘ಡ್ಯಾಮ್ ಒಡೀತು’ ಅಂತ ಮೆಸೇಜು, ಜೊತೆಗೆ ಯಾವುದೋ ಹಳೆ ವರ್ಷದ ಕಂಪ್ಲಿ ಸೇತುವೆ ವಿಡಿಯೊ. ನನಗೆ ಅನುಮತಿ ಇದ್ದದ್ದು ಗೇಜ್ ಹಾಕಲು ಮಾತ್ರ. ಐದು ಗಂಟೆಗೆ ಸಾಹೇಬ್ರನ್ನ ಎಬ್ಬಿಸಿದೆ. “ಕಾರಣ ಬರೀಬೇಡ, ಎಷ್ಟು ನೀರು ಹೋಗುತ್ತೆ ಅಂತ ಅಂದಾಜು ಬರೀಬೇಡ” ಅಂದರು. ಸರಿಯಾಗೇ ಹೇಳಿದರು. ‘ಡ್ಯಾಮ್ ಒಡೆದಿಲ್ಲ. 33 ಗೇಟ್‌ಗಳಲ್ಲಿ ಒಂದು ಹೋಗಿದೆ. ಹೊಳೆಗೆ ನೀರು ಜಾಸ್ತಿ ಬಿಡ್ತಾರೆ, ಇಳಿಯಬೇಡಿ. ಕಾಲುವೆ ಗೇಜ್ ಇಷ್ಟು.’ ಕೆಳಗೆ ಅವತ್ತಿನ ಫೋಟೊ. ಒಂದು ವಾರಕ್ಕೆ ಗೇಟಿನ ಜಾಗದಲ್ಲಿ ಸ್ಟಾಪ್‌ಲಾಗ್ (ಉಕ್ಕಿನ ತಡೆಹಲಗೆ) ಇಳಿಸಿ ನೀರು ನಿಲ್ಲಿಸುವ ತನಕ ದಿನಕ್ಕೆರಡು ಸಲ ಹಾಕಿದೆ. ಅವತ್ತು ಮೀಟಿಂಗ್‌ನಲ್ಲಿ ನಕ್ಕವರೇ ಆ ಫೋಟೊಗಳನ್ನ ಮುಂದಕ್ಕೆ ಕಳಿಸುತ್ತಿದ್ದರು. ಈಗ ಫೋನು ದಿನಕ್ಕೆ ಹತ್ತು, ಹನ್ನೆರಡು.

2025ರಲ್ಲಿ ಗೇಟ್ ಬದಲಿಸುವ ಕೆಲಸಕ್ಕಾಗಿ ಎರಡನೇ ಬೆಳೆಗೆ ನೀರಿಲ್ಲ ಅಂತ ತೀರ್ಮಾನ ಆಯಿತು. ಅದನ್ನೂ ಅದೇ ಮೂರು ಸಾಲಲ್ಲಿ ಹಾಕಿದೆ. ಬೈದರು, ಆದರೆ ಸುಳ್ಳು ಅನ್ನಲಿಲ್ಲ. ಕಾಲುವೆ ನಿಂತ ಮೇಲೆ ಫೋಟೊ ನಿಲ್ಲಿಸಿದೆ. ನಾಲ್ಕನೇ ದಿನ ಕ್ಯಾಂಪಿನ ಹಿರಿಯರೊಬ್ಬರು ಫೋನ್ ಮಾಡಿ, “ಫೋಟೊ ಯಾಕೆ ಬರ್ತಿಲ್ಲ?” ಅಂದರು. “ನೀರಿಲ್ಲವಲ್ಲ ಯಜಮಾನ್ರೇ” ಅಂದೆ. “ಇಲ್ಲ ಅನ್ನೋದನ್ನೇ ಹಾಕ್ರಿ” ಅಂದರು.