ಕ್ರೆಡಿಟ್ ಅಂದರೆ ಬಂದಿದ್ದಾ, ಕೊಡಬೇಕಾದ್ದಾ?

ಬ್ಯಾಂಕಿನಿಂದ 'ಕ್ರೆಡಿಟೆಡ್' ಅಂತ ಮೆಸೇಜ್ ಬಂದರೆ ನಿಮ್ಮ ಖಾತೆಗೆ ದುಡ್ಡು ಬಂದಿದೆ ಎಂದರ್ಥ. ಕಿರಾಣಿ ಅಂಗಡಿಯ 'ನೋ ಕ್ರೆಡಿಟ್' ಬೋರ್ಡಿನಲ್ಲಿ ಅದೇ ಪದ ಉದ್ರಿ, ಸಾಲ. ಕ್ರೆಡಿಟ್ ಕಾರ್ಡೂ ಸಾಲವೇ, ಹೆಸರು ಮಾತ್ರ ಚೆಂದ!

ಜಾಸ್ತಿ ಗೊಂದಲ ಆಗುವುದು ಕಾರ್ಡಿನ ಬಿಲ್ಲಿನಲ್ಲಿ. ಮೊತ್ತದ ಮುಂದೆ 'ಸಿಆರ್' (Cr), ಅಂದರೆ ಕ್ರೆಡಿಟ್, ಅಂತಿದ್ದರೆ ಅದು ನೀವು ಕಟ್ಟಿದ್ದು, ಇಲ್ಲವೇ ರೀಫಂಡ್ ಬಂದಿದ್ದು. ಒಟ್ಟು ಬಾಕಿಯ ಮುಂದೆಯೇ ಹಾಗಿದ್ದರೆ ಬ್ಯಾಂಕೇ ನಿಮಗೆ ಕೊಡಬೇಕು. ನಾನೊಮ್ಮೆ ಇದು ತಿಳಿಯದೆ 1,200 ರೂಪಾಯಿ ಸುಮ್ನೆ ಮತ್ತೆ ಕಟ್ಟಿದ್ದೆ. ಕೈತಪ್ಪಲಿಲ್ಲ, ಮುಂದಿನ ಬಿಲ್ಲಿಗೆ ವಜಾ ಆಯಿತು.

ಮೋಸಗಾರರೂ ಈ ಪದವನ್ನೇ ಹಿಡಿಯುತ್ತಾರೆ. "ನಿಮಗೆ ದುಡ್ಡು ಕ್ರೆಡಿಟ್ ಆಗುತ್ತೆ, ಪಿನ್ ಹಾಕಿ" ಎನ್ನುತ್ತಾರೆ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಬೇಕೇ ಇಲ್ಲ. ದುಡ್ಡು ಬರಲು ಪಿನ್ ಕೇಳಿದರೆ ನಿಮ್ಮ ದುಡ್ಡು ಹೋಗುತ್ತಿದೆ ಅಂತಲೇ ತಿಳಿಯಿರಿ. ಮನೆಯ ಹಿರಿಯರಿಗೆ ಇದೊಂದನ್ನು ಹೇಳಿಕೊಡಿ. ಮೆಸೇಜ್ ನಂಬದೆ ಬ್ಯಾಂಕಿನ ಆ್ಯಪ್‌ನಲ್ಲಿ ಬ್ಯಾಲೆನ್ಸ್ ನೋಡಲಿ.

ಕಾಲೇಜಿನ ಮಕ್ಕಳು ನಾಲ್ಕು ಕ್ರೆಡಿಟ್ ಹೋಯಿತು ಎಂದರೆ ಗಾಬರಿ ಬೇಡ, ಅದು ದುಡ್ಡಲ್ಲ. ಫೇಲಾದ ವಿಷಯದ ಲೆಕ್ಕ. ಗಾಬರಿ ಬೇಡ ಅಂದೆನಾ? ಸ್ವಲ್ಪ ಪಡಬಹುದು.