ಕುರಿಯ ಮೆಲುಕು ಕೆಡದಂತೆ ಯೀಸ್ಟ್, ಸೋಡಾ, ಟ್ಯಾನಿನ್ ಸೊಪ್ಪು

ಕಾಳಿನ ತಿಂಡಿ ಹೆಚ್ಚು ತಿನ್ನುವ ಕುರಿಗಳಿಗೆ ಜೀವಂತ ಯೀಸ್ಟ್ ಕೊಡಿ. ಕುರಿಯ ಹೊಟ್ಟೆಯ ಮೊದಲ ದೊಡ್ಡ ಚೀಲವಾದ ರೂಮೆನ್ನಿನೊಳಗೆ ಉಳಿದ ಆಮ್ಲಜನಕವನ್ನು ಅದು ಹೀರಿಕೊಂಡು, ನಾರು ಜೀರ್ಣಿಸುವ ಬ್ಯಾಕ್ಟೀರಿಯಾ ಬೆಳೆಯಲು ನೆರವಾಗುತ್ತದೆ. ಪ್ಯಾಕೆಟ್ ಮೇಲಿನ ಪ್ರಮಾಣವನ್ನು ಮೊದಲು ಒಂದು ಹಿಡಿ ತಿಂಡಿಗೆ ಬೆರೆಸಿ, ಆಮೇಲೆ ಉಳಿದದ್ದಕ್ಕೆ ಸೇರಿಸಿ. ಇಲ್ಲದಿದ್ದರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಏನೂ ಇಲ್ಲ ಎಂದಾಗುತ್ತದೆ. ಬಿಸಿನೀರಲ್ಲಿ ಮಾತ್ರ ಕಲಸಬೇಡಿ, ಯೀಸ್ಟ್ ಸಾಯುತ್ತದೆ.

ರೂಮೆನ್ ಹುಳಿಯಾಗುವುದನ್ನು ತಡೆಯಲು 1 ಕೆಜಿ ತಿಂಡಿಗೆ 10 ಗ್ರಾಂ ಅಡುಗೆ ಸೋಡಾ ಸಾಕು. ಟ್ಯಾನಿನ್ (ಒಗರು ಕೊಡುವ ಅಂಶ) ಇರುವ ಸೊಪ್ಪು ಮೇವಿನ ಪ್ರೋಟೀನ್ ರೂಮೆನ್ನಲ್ಲೇ ಕರಗಿ ಹೋಗುವುದನ್ನು ತಗ್ಗಿಸುತ್ತದೆ. ಆದರೆ ಒಟ್ಟು ಒಣಮೇವಿನಲ್ಲಿ ಟ್ಯಾನಿನ್ ಶೇ. 5 ದಾಟಿದರೆ ಕುರಿ ಮೇವನ್ನೇ ಬಿಡುತ್ತದೆ.

ಯಾವುದನ್ನೇ ಆದರೂ 10–14 ದಿನಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಹಿಕ್ಕೆ ಮೆತ್ತಗಾಗಿ ಹುಳಿ ವಾಸನೆ ಬಂದರೆ ಮೊದಲು ಕಾಳು ಕಡಿಮೆ ಮಾಡಿ, ಒಣಹುಲ್ಲು ಹೆಚ್ಚಿಸಿ. ಇನ್ನೊಂದು ಮಾತು: ದನಗಳ ಖನಿಜ ಮಿಶ್ರಣ ಕುರಿಗೆ ಬೇಡವೇ ಬೇಡ, ಅದರ ತಾಮ್ರ ಕುರಿಗೆ ವಿಷವಾಗುತ್ತದೆ.